ಬೆನ್ನು ಮರದಲ್ಲಿ, ಮುಖ ಕನ್ನಡಿಯಲ್ಲಿ: ಕೆತ್ತನೆಯ ಕನ್ನಡಿ ಮಾಡುವ ಬಗೆ

ನನ್ನ ತವರುಮನೆಯ ಜಗಲಿಯಲ್ಲಿ ಒಂದು ಸಣ್ಣ ಕನ್ನಡಿ ಇತ್ತು. ಬೆಳಿಗ್ಗೆ ಅಪ್ಪ ಅದರ ಮುಂದೆ ನಿಂತು ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಅವರು ಅತ್ತ ಹೋದ ಮೇಲೆ ಗುಬ್ಬಿ ಬರುತ್ತಿತ್ತು. ಚೌಕಟ್ಟಿನ ಕೆಳಪಟ್ಟಿಯ ಮೇಲೆ ಕೂತು ಒಳಗಿನ ಗುಬ್ಬಿಯನ್ನು ಕುಕ್ಕಿ ಕುಕ್ಕಿ ಸುಸ್ತಾಗುತ್ತಿತ್ತು. ಪಾಪ ಅಂತ ಅಮ್ಮ ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದಳು. ಜಗಲಿಯಲ್ಲಿ ಕೂತ ನಮಗೆ ಎದುರಿಗೆ ಕಾಣುತ್ತಿದ್ದದ್ದು ಗುಬ್ಬಿಯ ಬೆನ್ನು. ಅದರ ಮುಖ, ಅದರ ಸಿಟ್ಟು, ಎಲ್ಲ ಕನ್ನಡಿಯೊಳಗೆ.

ಮದುವೆಯಾಗಿ ಸಾಗರಕ್ಕೆ ಬಂದೆ. ಗಂಡನ ಮನೆಯಲ್ಲಿ ಮಾವ ಕೆತ್ತನೆ ಕೆಲಸದವರು. ದೇವರ ಮಂಟಪ, ಗಣಪತಿ, ಬಾಗಿಲಿನ ಮೇಲಿನ ತೋರಣಪಟ್ಟಿ ಮಾಡುತ್ತಿದ್ದರು. ಅತ್ತೆ ಬೆಂಡಿನಲ್ಲಿ ಬಾಸಿಂಗ ಕಟ್ಟುತ್ತಿದ್ದರು. ನಾನು ಉಳಿ ಹಿಡಿದದ್ದು ಮೂವತ್ನಾಲ್ಕನೇ ವಯಸ್ಸಿನಲ್ಲಿ. ಈಗ ಹದಿನೇಳು ವರ್ಷವಾಯಿತು. ನಾನು ಮಾಡಿದ ಕೆಲಸಗಳಲ್ಲಿ ನನಗೆ ಅತಿ ಇಷ್ಟ ಕೆತ್ತನೆಯ ಕನ್ನಡಿ. ಚೌಕಟ್ಟಿಗೆ ನಾಲ್ಕು ಹೂವು ಕೆತ್ತಿ ಗಾಜು ಕೂರಿಸಿದರೆ ಅದೂ ಕನ್ನಡಿಯೇ. ಆದರೆ ಗಾಜು ಅಲ್ಲಿ ಸುಮ್ನೆ ಇರುತ್ತದೆ. ನಾನು ಹೇಳಹೊರಟ ಕನ್ನಡಿಯಲ್ಲಿ ಗಾಜೂ ಕೆತ್ತನೆಯ ಅರ್ಧ ಕೆಲಸ ಮಾಡುತ್ತದೆ. ನಮ್ಮ ಜಗಲಿಯ ಗುಬ್ಬಿಯನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಕೆಳಗೆ ಒಂದು ಮಣೆ. ಅದರ ಮೇಲೆ ಕನ್ನಡಿ ನೋಡುವ ಒಂದು ಗುಬ್ಬಿ. ಎಡಗಡೆಯಿಂದ ಮೇಲಕ್ಕೆ ಹತ್ತಿ ಗಾಜಿನ ಮೇಲೆ ಚಾಚಿಕೊಂಡ ಒಂದು ಟೊಂಗೆ, ಅದರಲ್ಲಿ ಐದಾರು ಎಲೆ. ಇಷ್ಟೇ.

ಮೊದಲು ಪೆನ್ಸಿಲ್ ಹಿಡಿಯಬೇಡಿ. ಒಂದು ಮುದ್ದೆ ಜೇಡಿಮಣ್ಣು ಮತ್ತು ಒಂದು ಕೈಗನ್ನಡಿ ತೆಗೆದುಕೊಳ್ಳಿ. ಮಣ್ಣು ಸಿಗದಿದ್ದರೆ ಚಪಾತಿ ಹಿಟ್ಟಾದರೂ ಆದೀತು. ಗುಬ್ಬಿಯಷ್ಟು ದೊಡ್ಡ ಮುದ್ದೆ ಮಾಡಿ, ತಲೆ, ಕೊಕ್ಕು, ಬಾಲ ಎಳೆಯಿರಿ. ಕೈಗನ್ನಡಿಯನ್ನು ಗೋಡೆಗೆ ಒರಗಿಸಿ ಅದರ ಮುಂದೆ ಇಡಿ. ಈಗ ನಿಂತು ನೋಡಿ.

ಗುಬ್ಬಿಯನ್ನು ಕನ್ನಡಿಗೆ ನೇರ ಎದುರಾಗಿ ಇಟ್ಟರೆ ಮುಖ ಕಾಣುವುದೇ ಇಲ್ಲ. ಅದರ ತಲೆಯೇ ಅದರ ಬಿಂಬವನ್ನು ಮುಚ್ಚುತ್ತದೆ. ಇದು ನನಗೆ ಗೊತ್ತಾದದ್ದು ಮರ ಕೆತ್ತಿ ಮುಗಿಸಿದ ಮೇಲೆ. ಮೂರು ದಿನ ಕೂತು ಕಣ್ಣು, ಕೊಕ್ಕು, ಗಂಟಲಿನ ಪುಕ್ಕ ಎಲ್ಲ ಮಾಡಿದ್ದೆ. ಗಾಜು ಕೂರಿಸಿ ಎದ್ದು ನಿಂತು ನೋಡಿದರೆ ಬೆನ್ನು ಮಾತ್ರ. ಆವತ್ತಿನಿಂದ ಮಣ್ಣಿನ ಗುಬ್ಬಿ ಇಲ್ಲದೆ ಮರ ಮುಟ್ಟಿಲ್ಲ. ಗುಬ್ಬಿಯನ್ನು ಸ್ವಲ್ಪ ಓರೆಯಾಗಿ, ಸುಮಾರು 40 ಡಿಗ್ರಿ ತಿರುಗಿಸಿ ಇಡಿ. ಕೊಕ್ಕಿಗೂ ಗಾಜಿಗೂ ಒಂದು ಇಂಚು ಜಾಗ ಬಿಡಿ. ಆಗ ಮರದ ಗುಬ್ಬಿಯ ಪಕ್ಕದಲ್ಲಿ ಗಾಜಿನ ಗುಬ್ಬಿ ಇಣುಕುತ್ತದೆ. ಒಂದೇ ಹಕ್ಕಿ, ಒಂದು ಕಡೆ ಬೆನ್ನು, ಇನ್ನೊಂದು ಕಡೆ ಮುಖ. ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಅನ್ನುವುದನ್ನು ಮನೆಯವರು ಆ ಕೋಣೆಗೆ ಯಾವ ಬಾಗಿಲಿನಿಂದ ಬರುತ್ತಾರೆ ಅಂತ ನೋಡಿ ತೀರ್ಮಾನಿಸಿ.

ತಲೆಯ ಓರೆಯನ್ನೂ ಮಣ್ಣಿನಲ್ಲೇ ನಿಶ್ಚಯ ಮಾಡಿಕೊಳ್ಳಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ದರ್ಪಣ ಸುಂದರಿಯನ್ನು ನೋಡಿದ್ದೀರಲ್ವಾ? 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಅವಳ ಕೈಯಲ್ಲಿರುವುದು ಕಲ್ಲಿನ ಕನ್ನಡಿ. ಕಲ್ಲಿನಲ್ಲಿ ಬಿಂಬ ಮೂಡುವುದಿಲ್ಲ. ಆದರೂ ಅವಳು ಮುಖ ನೋಡಿಕೊಳ್ಳುತ್ತಿದ್ದಾಳೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕುತ್ತಿಗೆ ವಾಲಿದ ರೀತಿ, ಎತ್ತಿದ ಕೈ, ಅಷ್ಟರಿಂದಲೇ. ನಮ್ಮ ಗುಬ್ಬಿಯ ಬೆನ್ನು ನೋಡಿದವರಿಗೂ ಅದು ಕನ್ನಡಿ ನೋಡುತ್ತಿದೆ ಅಂತ ತಿಳಿಯಬೇಕು. ತಲೆ ಸ್ವಲ್ಪ ಒಂದು ಬದಿಗೆ ವಾಲಲಿ, ಬಾಲ ಸ್ವಲ್ಪ ಎದ್ದಿರಲಿ.

ಇನ್ನು ಮರ. ನಾನು ಬಳಸುವುದು ಶಿವನೆ. ನಮ್ಮ ಕಡೆ ಕೆತ್ತನೆಯವರಿಗೆ ಹಳೆಯ ನೆಂಟ. ತೆಳು ಹಳದಿ ಬಣ್ಣ, ಹಗುರ, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಚೆನ್ನಾಗಿ ಒಣಗಿದರೆ ಆಮೇಲೆ ಜಾಸ್ತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ತಿರುಚಿಕೊಳ್ಳುವುದಿಲ್ಲ. ಹಲಸು ಕೂಡ ಒಳ್ಳೆಯದು. ಮೊದಲು ಹಳದಿ ಇದ್ದದ್ದು ವರ್ಷ ಕಳೆದಂತೆ ಕೆಂಪು ಕಂದಾಗುತ್ತದೆ, ಆ ಬಣ್ಣ ಗಾಜಿನ ಪಕ್ಕ ತುಂಬಾ ಚೆಂದ. ಸಾಗುವಾನಿ ಬಾಳಿಕೆಗೆ ಸರಿ, ಆದರೆ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮೊದಲು ಆ ಜಾಗವನ್ನು ಥಿನ್ನರ್‌ನಿಂದ ಒರೆಸಬೇಕು. ಗಂಧ, ಬೀಟೆ ಎರಡಕ್ಕೂ ಕಾಯ್ದೆ ಕಟ್ಟಳೆ ಇದೆ, ಕಲಿಯುವ ಕೆಲಸಕ್ಕೆ ಅವು ಬೇಡ.

ಮರ ಒಣಗಿರಬೇಕು. ಇದರಲ್ಲಿ ರಾಜಿ ಇಲ್ಲ. ಒಂದು ಇಂಚು ದಪ್ಪದ ಹಲಗೆ ನೆರಳಿನಲ್ಲಿ ತಾನಾಗಿ ಒಣಗಲು ಸುಮಾರು ಒಂದು ವರ್ಷ ಬೇಕು. ತೇವದ ಮೀಟರ್ ಇದ್ದರೆ ಶೇಕಡಾ 10ರಿಂದ 12 ಬರಬೇಕು. ಮೀಟರ್ ಇಲ್ಲದವರು ಮಾವ ಹೇಳಿಕೊಟ್ಟ ಹಾಗೆ ಮಾಡಬಹುದು. ಹಲಗೆಯನ್ನು ವಾರಕ್ಕೊಮ್ಮೆ ತೂಕ ಹಾಕಿ ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಸತತ ನಾಲ್ಕು ವಾರ ತೂಕ ಇಳಿಯದಿದ್ದರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಹಲಗೆಯ ಎರಡೂ ತುದಿಗೆ ಬಣ್ಣ ಅಥವಾ ಮೇಣ ಬಳಿದಿಡಿ, ಇಲ್ಲದಿದ್ದರೆ ಅಲ್ಲಿಂದ ಸೀಳು ಬಿಡುತ್ತದೆ.

ಇಲ್ಲಿ ನನ್ನ ಅತಿ ದೊಡ್ಡ ನಷ್ಟದ ಕಥೆ ಹೇಳಬೇಕು. ಮೊದಲ ವರ್ಷಗಳಲ್ಲಿ ಒಂದೇ ಅಗಲ ಹಲಗೆಯ ನಡುವೆ ಕಿಂಡಿ ಕೊರೆದು ಕನ್ನಡಿ ಕೂರಿಸುತ್ತಿದ್ದೆ. ಜೋಡಣೆಯ ಗೆರೆ ಇರುವುದಿಲ್ಲ, ನೋಡಲು ಚೆಂದ. ಒಂದು ಆಗಸ್ಟ್‌ನಲ್ಲಿ ಮಾಡಿದ ಕನ್ನಡಿಯನ್ನು ಬೆಂಗಳೂರಿನ ನೆಂಟರ ಮದುವೆಗೆ ಉಡುಗೊರೆ ಕೊಟ್ಟೆ. ಗಾಜನ್ನು ಚೌಕಟ್ಟಿಗೆ ಬಿಗಿಯಾಗಿ, ಒಂದು ಕೂದಲೂ ಹೋಗದ ಹಾಗೆ ಕೂರಿಸಿದ್ದೆ, ಅದೇ ಕೌಶಲ ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಫೋನ್ ಬಂತು. ರಾತ್ರಿ ಟಪ್ ಅಂತ ಸದ್ದಾಗಿ ಗಾಜು ಮೇಲಿಂದ ಕೆಳಗೆ ಸೀಳಿತ್ತು. ಹೊಸ ಮನೆಯಲ್ಲಿ ಕನ್ನಡಿ ಒಡೆದರೆ ಹೆಂಗಸರಿಗೆ ಎಷ್ಟು ಬೇಜಾರು ಆಗುತ್ತದೆ ಅಂತ ನಿಮಗೇ ಗೊತ್ತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾರಣ ಸರಳ. ಮರ ನೂಲಿನ, ಅಂದರೆ ಅದರೊಳಗಿನ ಎಳೆಗಳ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಸಾಗರದ ಮಳೆಗಾಲದಲ್ಲಿ ನೀರು ಕುಡಿದ ಹಲಗೆ ಬೆಂಗಳೂರಿನ ಚಳಿಗಾಲದ ಒಣ ಗಾಳಿಗೆ ಕುಗ್ಗಿತು. ಗಾಜು ಕುಗ್ಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಸೋಲಬೇಕಲ್ಲ, ಗಾಜು ಸೋತಿತು. ಆಮೇಲೆ ನಮ್ಮ ಮನೆಯಲ್ಲೇ 18 ಇಂಚು ಅಗಲದ ಹಲಗೆಯೊಂದನ್ನು ಜುಲೈಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಅಳೆದೆ. 4 ಮಿಲಿಮೀಟರ್ ವ್ಯತ್ಯಾಸ ಇತ್ತು.

ಆದ್ದರಿಂದ ನಾಲ್ಕು ಪಟ್ಟಿಯ ಚೌಕಟ್ಟು ಮಾಡಿ. ನಾಲ್ಕರಲ್ಲೂ ನೂಲು ಉದ್ದಕ್ಕೆ ಇರುತ್ತದೆ, ಒಟ್ಟು ಅಳತೆ ಬದಲಾಗುವುದು ತೀರಾ ಕಡಿಮೆ. ನಮ್ಮ ಗುಬ್ಬಿ ಕನ್ನಡಿಗೆ ನನ್ನ ಅಳತೆ ಹೀಗಿದೆ. ಪಟ್ಟಿಯ ಅಗಲ 3 ಇಂಚು, ದಪ್ಪ 30 ಮಿಲಿಮೀಟರ್. ಚೌಕಟ್ಟಿನ ಹೊರ ಅಳತೆ 18 ಮತ್ತು 24 ಇಂಚು. ಕಿಂಡಿ 12 ಮತ್ತು 18 ಇಂಚು. ಮೂಲೆಗಳಲ್ಲಿ ಎರಡೂ ಪಟ್ಟಿಯ ಅರ್ಧ ಅರ್ಧ ದಪ್ಪಕ್ಕೆ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿ ಫೆವಿಕಾಲ್ ಹಾಕಿ, ಎರಡೆರಡು ಬಿದಿರಿನ ಗೂಟ ಹೊಡೆಯಿರಿ. ಓರೆಯಾಗಿ ಕತ್ತರಿಸಿ ಸೇರಿಸುವ ಮೂಲೆ ನೋಡಲು ನಾಜೂಕು, ಆದರೆ ಕೆತ್ತುವಾಗ ಕೊಡತಿಯ ಏಟಿಗೆ ಬಿಟ್ಟುಕೊಳ್ಳುತ್ತದೆ.

ಕೆತ್ತನೆಗೆ ಮೊದಲು ಹಿಂಬದಿಯಲ್ಲಿ ಗಾಜು ಕೂರುವ ಕಚ್ಚು, ಅಂದರೆ ಮೆಟ್ಟಿಲಿನಂಥ ತಗ್ಗು ತೆಗೆಯಬೇಕು. ಕಿಂಡಿಯ ಸುತ್ತ ಅರ್ಧ ಇಂಚು ಅಗಲ, 12 ಮಿಲಿಮೀಟರ್ ಆಳ. ಮರ ಕೊರೆಯುವ ಯಂತ್ರ ರೌಟರ್ ಇದ್ದರೆ ಅರ್ಧ ಗಂಟೆಯ ಕೆಲಸ, ಉಳಿಯಲ್ಲಾದರೆ ಒಂದು ಮಧ್ಯಾಹ್ನ. ಆಳ ಎಷ್ಟು ಅಂತ ಕಿಂಡಿಯ ಒಳಮೈ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡಿ. ಮುಂದೆ 18 ಮಿಲಿಮೀಟರ್ ಮರ ಉಳಿದಿದೆ. ಅದರಲ್ಲಿ 12ಕ್ಕಿಂತ ಆಳಕ್ಕೆ ಉಳಿ ಇಳಿಸಬೇಡಿ. ಕೆತ್ತುವ ಖುಷಿಯಲ್ಲಿ ಉಳಿ ಕಚ್ಚಿನೊಳಗೆ ತೂರಿ ತೂತು ಬೀಳುವುದು ಕಲಿಯುವವರಿಗೆಲ್ಲ ಆಗುವ ಅನಾಹುತ. ಆ ಕೆಂಪು ಗೆರೆ ಕಣ್ಣಿಗೆ ಬೀಳುತ್ತಿದ್ದರೆ ಕೈ ತಾನಾಗಿ ನಿಲ್ಲುತ್ತದೆ.

ಕೆತ್ತನೆಗೆ ಇಪ್ಪತ್ತು ಉಳಿ ಬೇಡ. ಒಂದು ಅರ್ಧ ಇಂಚಿನ ಚಪ್ಪಟೆ ಉಳಿ, ಒಂದು ಕಾಲು ಇಂಚಿನದು, ದೊಡ್ಡದು ಸಣ್ಣದು ಎರಡು ಬಾಗಿದ ಬಾಯಿಯ ಗೋಲು ಉಳಿ, ಒಂದು ವಿ ಆಕಾರದ್ದು, ಮೂಲೆ ಕೆರೆಯಲು ಒಂದು ಓರೆ ಬಾಯಿಯದು. ಆರು ಸಾಕು. ಆರನ್ನೂ ಚೂಪಾಗಿ ಇಟ್ಟುಕೊಳ್ಳಿ. ಸಾಣೆ ಕಲ್ಲಿನ ಮೇಲೆ ತೀಡಿ, ಆಮೇಲೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಹಿಂದಕ್ಕೆ ಎಳೆಯಿರಿ. ಮಾವ ಅರ್ಧ ಗಂಟೆ ಕೆತ್ತಿದರೆ ಎರಡು ನಿಮಿಷ ಚರ್ಮಕ್ಕೆ ಎಳೆಯುತ್ತಿದ್ದರು. ಮೊಂಡ ಉಳಿ ಮರವನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಜೋರು ಹಾಕಿದಾಗ ಜಾರಿ ಕೈಗೆ ಬೀಳುವುದೂ ಅದೇ.

ಟೊಂಗೆ ಚೌಕಟ್ಟಿನ ಮೇಲಿರುವಷ್ಟು ಭಾಗವನ್ನು ಚೌಕಟ್ಟಿನಲ್ಲೇ ಕೆತ್ತಿ. ಮೊದಲು ಗೆರೆಯ ಗುಂಟ ಉಳಿಯನ್ನು ನೆಟ್ಟಗೆ ಹೊಡೆದು ತಡೆಗೆರೆ ಹಾಕಿ. ಆಮೇಲೆ ಹೊರಗಿನಿಂದ ಆ ಗೆರೆಯ ಕಡೆಗೆ ಹಿನ್ನೆಲೆ ಇಳಿಸುತ್ತಾ ಬನ್ನಿ. ತಡೆಗೆರೆ ಇದ್ದರೆ ಸಿಬಿರು ಅಲ್ಲಿಗೆ ನಿಲ್ಲುತ್ತದೆ, ಎಲೆ ಸೀಳುವುದಿಲ್ಲ. ನೂಲು ಯಾವ ಕಡೆ ಏರುತ್ತದೋ ಆ ಕಡೆಗೆ ಉಳಿ ಓಡಿಸಿ. ಎದುರು ನೂಲಿಗೆ ಹೋದರೆ ಮರ ಕಿತ್ತು ಬರುತ್ತದೆ, ಆ ಸದ್ದೇ ಬೇರೆ, ನಾಲ್ಕು ದಿನದಲ್ಲಿ ಕಿವಿಗೆ ಗೊತ್ತಾಗುತ್ತದೆ.

ಗಾಜಿನ ಮೇಲೆ ಚಾಚುವ ಟೊಂಗೆ ಮತ್ತು ಎಲೆಗಳನ್ನು ಬೇರೆ ತುಂಡಿನಲ್ಲಿ ಮಾಡಬೇಕು. ಗುಬ್ಬಿಯನ್ನೂ ಅಷ್ಟೇ. ಟೊಂಗೆಯ ಉದ್ದಕ್ಕೆ ನೂಲು ಬರುವ ಹಾಗೆ ತುಂಡು ಆರಿಸಿ, ಅಡ್ಡ ನೂಲಿನ ಟೊಂಗೆ ಒಂದು ಬಟ್ಟೆ ತಾಗಿದರೂ ಮುರಿಯುತ್ತದೆ. ಗುಬ್ಬಿಗೆ ಕೊಕ್ಕಿನಿಂದ ಬಾಲದವರೆಗೆ ನೂಲು ಇರಲಿ. ಕಾಲುಗಳನ್ನು ಮರದಲ್ಲಿ ಕೆತ್ತುವ ಹಟ ಬೇಡ. ಒಣಗಿದ ಬಿದಿರಿನ ಎರಡು ಕಡ್ಡಿ ಹೊಟ್ಟೆಗೆ ತೂರಿಸಿ, ಕೆಳತುದಿಯನ್ನು ಕೊನೆಗೆ ಮಣೆಗೆ ತೂರಿಸೋಣ. ಗಟ್ಟಿಯಾಗಿ ನಿಲ್ಲುತ್ತದೆ, ಗುಬ್ಬಿಯ ಕಾಲಿನ ಹಾಗೇ ಕಾಣುತ್ತದೆ. ಮಣೆ 4 ಇಂಚು ಮುಂದಕ್ಕೆ ಚಾಚಿರಲಿ. ಅದನ್ನು ಚೌಕಟ್ಟಿನ ಕೆಳಪಟ್ಟಿಗೆ ಹಿಂದಿನಿಂದ ಮೂರು ಸ್ಕ್ರೂ ಹಾಕಿ ಬಿಗಿಯಿರಿ.

ಈಗ ಈ ಕೆಲಸದ ಜೀವಾಳಕ್ಕೆ ಬಂದೆವು. ಮಾಮೂಲಿ ಕೆತ್ತನೆಯಲ್ಲಿ ಹಿಂಭಾಗ ಗೋಡೆಗೆ. ಯಾರೂ ನೋಡುವುದಿಲ್ಲ, ಒರಟಾಗಿ ಬಿಟ್ಟರೂ ನಡೆಯುತ್ತದೆ. ಕನ್ನಡಿಯ ಮುಂದೆ ಹಿಂಭಾಗ ಅನ್ನುವುದೇ ಇಲ್ಲ. ಎಲೆಯ ಅಡಿ, ಟೊಂಗೆಯ ಹಿಂಬದಿ, ಗುಬ್ಬಿಯ ಎದೆ, ಕತ್ತರಿಸಿದ ಗುರುತು, ಅಂಟಿನ ಹನಿ, ಪೆನ್ಸಿಲ್ ಗೆರೆ, ಎಲ್ಲವನ್ನೂ ಗಾಜು ತೋರಿಸುತ್ತದೆ. ನಾನು ನೋಡಿದ ಎಷ್ಟೋ ಕೆತ್ತನೆ ಕನ್ನಡಿಗಳಲ್ಲಿ ಮುಂದೆ ಎಲೆಯ ನರ ನರ ಬಿಡಿಸಿರುತ್ತಾರೆ, ಗಾಜಿನಲ್ಲಿ ನೋಡಿದರೆ ಗರಗಸದ ಗೀರು. ಎಲೆಯ ಅಡಿಯನ್ನೂ ಕೆತ್ತಿ. ನಿಜವಾದ ಎಲೆಯೊಂದನ್ನು ಕಿತ್ತು ತಂದು ಮಗುಚಿ ನೋಡಿ. ಮೇಲ್ಗಡೆ ನರ ಒಳಕ್ಕೆ ಇಳಿದಿದ್ದರೆ ಅಡಿಯಲ್ಲಿ ಅದೇ ನರ ಉಬ್ಬಿರುತ್ತದೆ. ಅಡಿಯಲ್ಲಿ ನಡುನರ ಒಂದನ್ನು ಉಬ್ಬಿಸಿ, ಅಕ್ಕಪಕ್ಕ ಸ್ವಲ್ಪ ತೋಡಿದರೆ ಸಾಕು. ಎಲೆ ತೆಳ್ಳಗೂ ಆಗುತ್ತದೆ, ಜೀವವೂ ಬರುತ್ತದೆ.

ಇನ್ನೊಂದು ಜಾಗ ಇದೆ, ಬಹಳ ಜನ ಮರೆಯುತ್ತಾರೆ. ಗಾಜಿನ ಕಚ್ಚಿನ ತುಟಿ, ಅಂದರೆ ಗಾಜಿನ ಅಂಚನ್ನು ಮುಂದಿನಿಂದ ಮುಚ್ಚುವ ಮರ. ಅದರ ಗಾಜಿಗೆ ತಾಗುವ ಅಡಿಮೈ ಬಿಂಬದಲ್ಲಿ ಕಾಣುತ್ತದೆ. ಅಲ್ಲಿ ಹಸಿ ಮರ ಬಿಟ್ಟರೆ ಕನ್ನಡಿಯ ಸುತ್ತ ಒಂದು ಬಿಳಿ ಗೆರೆ ಮೂಡುತ್ತದೆ. ಎಷ್ಟು ಒರೆಸಿದರೂ ಹೋಗದ ಗೆರೆ, ಯಾಕೆಂದರೆ ಅದು ಗಾಜಿನ ಮೇಲೆ ಇಲ್ಲವೇ ಇಲ್ಲ. ಗಾಜು ಕೂರಿಸುವ ಮೊದಲು ಆ ಅಡಿಮೈಗೆ ಕಪ್ಪು ಅಥವಾ ಗಾಢ ಕಂದು ಬಣ್ಣ ಬಳಿಯಿರಿ. ಐದು ನಿಮಿಷದ ಕೆಲಸ, ಕನ್ನಡಿಯ ಅಂದವೇ ಬೇರೆಯಾಗುತ್ತದೆ.

ಎಲೆಯ ತುದಿ ಗಾಜಿಗೆ ತಾಗಿ ತನ್ನ ಬಿಂಬವನ್ನು ಮುಟ್ಟಬೇಕು ಅಂತ ಕೆಲವರಿಗೆ ಆಸೆ. ನನಗೂ ಇತ್ತು. ಆಗುವುದಿಲ್ಲ. ನಾವು ಬಳಸುವ ಕನ್ನಡಿಯಲ್ಲಿ ಬೆಳ್ಳಿಯ ಪದರ ಗಾಜಿನ ಹಿಂಬದಿಯಲ್ಲಿದೆ. 4 ಮಿಲಿಮೀಟರ್ ಗಾಜಿನಲ್ಲಿ ಎಲೆಗೂ ಬಿಂಬಕ್ಕೂ ನಡುವೆ ಸುಮಾರು 5 ಮಿಲಿಮೀಟರ್ ಸಂದು ಕಾಣುತ್ತದೆ. ಕೇರಳದ ಆರನ್ಮುಳ ಕನ್ನಡಿಯಲ್ಲಿ ಈ ಸಂದು ಇಲ್ಲ. ಅದು ತಾಮ್ರ ಮತ್ತು ತವರ ಬೆರೆಸಿ ಎರೆದು ಉಜ್ಜಿದ ಲೋಹದ ಕನ್ನಡಿ, ಮೇಲ್ಮೈಯೇ ಬಿಂಬ ಕೊಡುತ್ತದೆ. ಬೆರಳಿಟ್ಟರೆ ಬೆರಳು ಬೆರಳಿಗೆ ಕೂಡುತ್ತದೆ. ನಮ್ಮ ಗಾಜಿನಲ್ಲಿ ಸಂದನ್ನು ಒಪ್ಪಿಕೊಂಡೇ ಚಿತ್ರ ಹೂಡಬೇಕು. ಎಲೆಗಳನ್ನು ಗಾಜಿನಿಂದ 15 ಮಿಲಿಮೀಟರ್ ಮೇಲೆ ತೇಲುವ ಹಾಗೆ ಇಡಿ. ಆಗ ಸಂದು ಕೊರತೆಯಾಗಿ ಕಾಣುವುದಿಲ್ಲ. ಎಲೆ, ಅದರ ನೆರಳು, ಅದರ ಬಿಂಬ ಮೂರೂ ಬೇರೆ ಬೇರೆ ಪದರವಾಗಿ ಕಾಣುತ್ತವೆ. ಮರ ಗಾಜಿಗೆ ತಾಗದಿದ್ದರೆ ಗೀರು ಬೀಳುವ ಭಯವೂ ಇಲ್ಲ.

ಎಲ್ಲ ತುಂಡುಗಳನ್ನು ಅಂಟಿಲ್ಲದೆ ಒಮ್ಮೆ ಜೋಡಿಸಿ, ಹಿಂದೆ ಹಳೆಯ ಕನ್ನಡಿ ಚೂರೊಂದನ್ನು ಹಿಡಿದು ನೋಡಿ. ಸಂಜೆ ಬಲ್ಬ್ ಹಾಕಿ ಮತ್ತೊಮ್ಮೆ ನೋಡಿ. ಬಿಂಬದಲ್ಲಿ ಕಣ್ಣಿಗೆ ಚುಚ್ಚುವುದನ್ನೆಲ್ಲ ಈಗಲೇ ತಿದ್ದಿ. ಗಾಜು ಕೂತ ಮೇಲೆ ಕೈ ಹೋಗುವುದಿಲ್ಲ.

ಗಾಜಿನ ಅಂಗಡಿಗೆ ಹೋಗುವುದು ಚೌಕಟ್ಟು ಮುಗಿದ ಮೇಲೆ. ಕಚ್ಚಿನ ಅಳತೆಗೆ ರಟ್ಟು ಕತ್ತರಿಸಿ, ಅದರ ನಾಲ್ಕೂ ಕಡೆಯಿಂದ 3 ಮಿಲಿಮೀಟರ್ ಕಡಿಮೆ ಮಾಡಿ ಆ ರಟ್ಟನ್ನೇ ಅಂಗಡಿಯವರಿಗೆ ಕೊಡಿ. ನಮ್ಮ ಅಳತೆಗೆ ಸುಮಾರು 324 ಮತ್ತು 477 ಮಿಲಿಮೀಟರ್ ಬರುತ್ತದೆ. ಗಾಜನ್ನು ಆಯತವಾಗಿಯೇ ಇಡಿ. ಕಿಂಡಿ ಬೇಕಾದರೆ ವೀಳ್ಯದೆಲೆಯ ಆಕಾರದಲ್ಲಿರಲಿ, ಕಮಾನಿನ ಹಾಗಿರಲಿ, ಆ ಆಕಾರವನ್ನು ಮರ ಕೊಡಲಿ. ಒಳಕ್ಕೆ ಬಾಗಿದ ಗೆರೆಯಲ್ಲಿ ಗಾಜು ಕತ್ತರಿಸಲು ಹೋದರೆ ಹತ್ತರಲ್ಲಿ ಏಳು ಸಲ ಸೀಳುತ್ತದೆ. 4 ಮಿಲಿಮೀಟರ್ ದಪ್ಪ ತೆಗೆದುಕೊಳ್ಳಿ, ತೆಳು ಗಾಜಿನಲ್ಲಿ ಮುಖ ಸೊಟ್ಟಗೆ ಕಾಣುವುದು ಜಾಸ್ತಿ. ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ನಮ್ಮದು ಒಂದೂವರೆ ಕಿಲೋ ಚಿಲ್ಲರೆ ಆಗುತ್ತದೆ. ಅಂಚನ್ನು ಉಜ್ಜಿಸಿಕೊಳ್ಳಿ, ಚೂಪು ಅಂಚಿನಿಂದಲೇ ಸೀಳು ಹುಟ್ಟುವುದು.

ಗಾಜು ಬರುವ ಮೊದಲೇ ಪಾಲಿಶ್ ಮುಗಿದಿರಬೇಕು. 120, 180, 240 ನಂಬರಿನ ಉಜ್ಜುವ ಕಾಗದ (ಸ್ಯಾಂಡ್‌ಪೇಪರ್) ಒಂದಾದ ಮೇಲೊಂದು ಚೌಕಟ್ಟಿನ ಚಪ್ಪಟೆ ಭಾಗಕ್ಕೆ ಹಾಕಿ. ಗುಬ್ಬಿಗೆ, ಎಲೆಗೆ ಕಾಗದ ಮುಟ್ಟಿಸಬೇಡಿ ಅಂತ ನನ್ನ ಬೇಡಿಕೆ. ಚೂಪು ಉಳಿ ಬಿಟ್ಟ ಮೈಗೆ ಒಂದು ಹೊಳಪು ಇರುತ್ತದೆ, ಪುಕ್ಕದ ಅಂಚು ಬಿಡಿಸಿದಂತಿರುತ್ತದೆ. ಉಜ್ಜಿದರೆ ಎಲ್ಲ ಕರಗಿ ಸೋಪಿನ ಗೊಂಬೆಯಾಗುತ್ತದೆ.

ಬಣ್ಣ ಬೇಡ, ಅರಗಿನ ಪಾಲಿಶ್ ಸಾಕು. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಹಾಳೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಒಲೆಯ ಹತ್ತಿರ ಈ ಕೆಲಸ ಬೇಡ. ತೆಳ್ಳಗೆ ನಾಲ್ಕು ಸಲ ಬಳಿದು, ಪ್ರತಿ ಸಲ ಒಣಗಲು ಬಿಡಿ. ಕೊನೆಗೆ ಜೇನುಮೇಣ ತೀಡಿ ಹಳೆಯ ಕಾಟನ್ ಸೀರೆಯ ಚೂರಿನಿಂದ ಉಜ್ಜಿ. ಅಗಸೆ ಎಣ್ಣೆಯ ಹೊಳಪು ಮೆದುವಾಗಿರುತ್ತದೆ, ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದನ್ನು ನೋಡಿ ಬಿಟ್ಟುಬಿಟ್ಟೆ. ಬಯಲುಸೀಮೆಯವರು ಬಳಸಬಹುದು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತುತ್ತದೆ. ನೀರಿನ ಬಕೆಟ್‌ಗೆ ಹಾಕಿ.

ಗಾಜು ಕೂರಿಸುವ ದಿನ ಮನೆಯಲ್ಲಿ ಗಡಿಬಿಡಿ ಇರಬಾರದು. ಚೌಕಟ್ಟನ್ನು ಎರಡು ದಿಂಬುಗಳ ನಡುವೆ ಎಲೆಗಳಿಗೆ ಭಾರ ಬೀಳದ ಹಾಗೆ ಮಗುಚಿ ಮಲಗಿಸಿ. ಗುಬ್ಬಿಯನ್ನು ಕೊನೆಗೆ ಕೂರಿಸೋಣ. ಗಾಜನ್ನು ಯಾವಾಗಲೂ ನಿಲ್ಲಿಸಿ ಹಿಡಿದು ತನ್ನಿ, ಅಡ್ಡ ಹಿಡಿದರೆ ತನ್ನ ಭಾರಕ್ಕೇ ಸೀಳಬಹುದು. ಕಚ್ಚಿನ ಕೆಳ ಅಂಚಿನಲ್ಲಿ, ಎರಡೂ ಮೂಲೆಯಿಂದ ಕಾಲು ಭಾಗ ಒಳಕ್ಕೆ, ಹಳೆಯ ಚಪ್ಪಲಿಯ ಚರ್ಮದ ಎರಡು ಚೂರು ಇಡಿ. ಗಾಜು ಅದರ ಮೇಲೆ ನಿಲ್ಲಲಿ. ಉಳಿದ ಮೂರು ಕಡೆ 3 ಮಿಲಿಮೀಟರ್ ಖಾಲಿ ಇರಲಿ. ಅದು ಮರ ಉಸಿರಾಡುವ ಜಾಗ, ಏನನ್ನೂ ತುಂಬಬೇಡಿ. ಮೇಲೆ 4 ಮಿಲಿಮೀಟರ್ ಪ್ಲೈವುಡ್ ಇಟ್ಟು, ಅದನ್ನು ಹಿಡಿದಿಡುವ ಅಡ್ಡಪಟ್ಟಿಗಳನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ. ಗಾಜು ಅಲುಗಾಡಬಾರದು, ಬಿಗಿಯೂ ಆಗಬಾರದು.

ಅಂಟು ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಹಾಕಬೇಡಿ. ಅಂಗಡಿಯೊಂದರಲ್ಲಿ ಎಲ್ಲದಕ್ಕೂ ಇದೇ ಅಂತ ಕೊಟ್ಟರು, ನಾನೂ ಕೇಳದೆ ತಂದೆ. ಎರಡು ವರ್ಷದಲ್ಲಿ ಅಂಟು ಇದ್ದ ಜಾಗದಲ್ಲೆಲ್ಲ ಕನ್ನಡಿಯಲ್ಲಿ ಕಪ್ಪು ಮೋಡ ಎದ್ದಿತು. ಅದರಿಂದ ಹೊರಡುವ ಆಮ್ಲ ಹಿಂಬದಿಯ ಬಣ್ಣ ದಾಟಿ ಬೆಳ್ಳಿಯನ್ನೇ ತಿನ್ನುತ್ತದೆ. ಡಬ್ಬಿಯ ಮೇಲೆ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ. ಗಾಜಿನ ಕತ್ತರಿಸಿದ ಅಂಚಿಗೆ ಒಂದು ಕೈ ಬಣ್ಣ ಬಳಿದರೆ ತೇವ ಒಳಗೆ ಇಳಿಯುವುದಿಲ್ಲ. ಹಳೆಯ ಕನ್ನಡಿಗಳ ಅಂಚು ಕಪ್ಪಾಗಿರುವುದು ಇದೇ ತೇವದಿಂದ.

ಒಟ್ಟು ತೂಕ ಸುಮಾರು ಐದು ಕಿಲೋ ಬರುತ್ತದೆ. ಒಂದು ಮೊಳೆ, ಒಂದು ದಾರ ಸಾಲದು. ನಾನು ಮಾಡುವುದು ಹೀಗೆ. ಒಂದು ಅಡಿ ಉದ್ದದ ಪಟ್ಟಿಯನ್ನು 45 ಡಿಗ್ರಿ ಓರೆಯಲ್ಲಿ ಉದ್ದಕ್ಕೆ ಸೀಳುತ್ತೇನೆ. ಒಂದು ಅರ್ಧ ಗೋಡೆಗೆ, ಇನ್ನೊಂದು ಅರ್ಧ ಚೌಕಟ್ಟಿನ ಹಿಂಬದಿಯ ಮೇಲ್ಪಟ್ಟಿಗೆ. ಮೇಲಿಂದ ಇಳಿಸಿದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಇಟ್ಟಿಗೆ ಗೋಡೆಗೆ ಪ್ಲಗ್ ಹಾಕಿ ಎರಡು ಸ್ಕ್ರೂ ಸಾಕು. ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ. ಅಂಥ ಮನೆಯಲ್ಲಿ ತೊಲೆಯಿಂದ ಎರಡು ಹಿತ್ತಾಳೆ ಸರಪಳಿ ಇಳಿಬಿಟ್ಟು ತೂಗುಹಾಕಿ. ಅದೂ ಒಂದು ಅಂದ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಮರದ ಗುಂಡಿ ಅಂಟಿಸಿ. ಮಳೆಗಾಲದಲ್ಲಿ ನಮ್ಮ ಗೋಡೆ ಬೆವರುತ್ತದೆ, ಹಿಂದೆ ಗಾಳಿ ಆಡಬೇಕು.

ಕನ್ನಡಿಯ ನಡುಭಾಗ ನೆಲದಿಂದ ಐದು ಅಡಿ ಇರಲಿ. ಎದುರಿಗೆ ಏನಿದೆ ಅಂತ ನೋಡಿ. ಟೀವಿ ಇದ್ದರೆ ಗುಬ್ಬಿಯ ಹಿಂದೆ ಟೀವಿ ಕಾಣುತ್ತದೆ. ಕಿಟಕಿಯೋ ಹಿತ್ತಿಲೋ ಇದ್ದರೆ ಗುಬ್ಬಿ ಮರದಲ್ಲೇ ಕೂತ ಹಾಗಿರುತ್ತದೆ. ಬೆಳಕು ಪಕ್ಕದಿಂದ ಬರಲಿ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲುಮನೆಯೂ ಬೇಡ, ಅರಗಿನ ಪಾಲಿಶ್ ನೀರು ತಾಗಿದರೆ ಬೆಳ್ಳಗಾಗುತ್ತದೆ.

ತೂಗುಹಾಕಿದ ಮೇಲೆ ಗುಬ್ಬಿಯನ್ನು ತನ್ನಿ. ಮಣೆಗೆ ಇನ್ನೂ ತೂತು ಹಾಕದೆ, ಬಿದಿರಿನ ಕಾಲನ್ನು ಅದರ ಮೇಲೆ ಊರಿ ಯಾರಾದರೂ ಹಿಡಿದುಕೊಳ್ಳಲಿ. ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು ನೋಡಿ, ಮಕ್ಕಳ ಎತ್ತರಕ್ಕೆ ಕೂತು ನೋಡಿ. ಒಂದು ಚೂರು ಆ ಕಡೆ, ಒಂದು ಚೂರು ಈ ಕಡೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಒಳಗಿನ ಗುಬ್ಬಿ ನಿಮ್ಮನ್ನು ನೋಡುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆಮೇಲೆ ತೂತು ಕೊರೆದು ಕಾಲು ಇಳಿಸಿ ಒಂದು ಹನಿ ಅಂಟು ಹಾಕಿ.

ಒರೆಸುವಾಗ ನೀರನ್ನು ಗಾಜಿನ ಮೇಲೆ ಚಿಮುಕಿಸಬೇಡಿ, ಇಳಿದು ಕಚ್ಚಿನೊಳಗೆ ಸೇರುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ ಒರೆಸಿ. ಅಮೋನಿಯಾ ಇರುವ ದ್ರವ ಬೇಡ. ಎಲೆಗಳ ನಡುವಿನ ಧೂಳಿಗೆ ಮಕ್ಕಳ ಚಿತ್ರದ ಬ್ರಷ್ ಸಾಕು. ಮೊದಲ ಮಳೆಗಾಲ ಮುಗಿದು, ದೀಪಾವಳಿಗೆ ಮನೆ ಗುಡಿಸುವಾಗ ಒಮ್ಮೆ ಕನ್ನಡಿ ಇಳಿಸಿ ಹಿಂಬದಿ ನೋಡಿ. ಪ್ಲೈವುಡ್ ಉಬ್ಬಿದ್ದರೆ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಬೇಸಿಗೆಯಲ್ಲಿ ಗಾಜು ಕಟಕಟ ಅಂದರೆ ಅರ್ಧ ಸುತ್ತು ಬಿಗಿಯಿರಿ.